ಕೈಲಾಸ ಯಾತ್ರೆ: ಟಿಬೆಟಿಯನ್ನರ ಊರಿಗೆ ಭಾರವಾಗದೆ ಹೋಗಿಬರುವುದು ಹೇಗೆ

‘ಕೈಲಾಸಕ್ಕೆ ಹೋಗ್ತೀನಿ’ ಅಂದಾಗ ಅಮ್ಮ ‘ಬಿಡ್ತು ಅನ್ನು’ ಎಂದು ಗದರಿದ್ದರು. ನಮ್ಮ ಕಡೆ ಕೈಲಾಸಕ್ಕೆ ಹೋದರು ಅಂದರೆ ವಾಪಸ್ ಬರುವ ಮಾತೇ ಇಲ್ಲ ತಾನೆ? ನಾನು ಹೋಗಿ ಬಂದು ಕೆಲವು ವರ್ಷಗಳಾದವು. ಈಗ ಯೋಚಿಸಿದರೆ, ಅಮ್ಮನಿಗಷ್ಟೇ ಅಲ್ಲ, ನನಗೂ ಕೈಲಾಸ ಅಂದರೆ ಕಥೆಯೊಳಗಿನ ಜಾಗವೇ ಆಗಿತ್ತು. ಶಿವ, ಪಾರ್ವತಿ, ನಂದಿ, ಹಿಮ. ಅಲ್ಲಿ ಮನೆಗಳಿವೆ, ಹೊಗೆಯಾಡುವ ಒಲೆಗಳಿವೆ, ಕುರಿ ಕಾಯುವ ಮಕ್ಕಳಿದ್ದಾರೆ ಅನ್ನುವುದು ಬೆಟ್ಟದ ಬುಡದ ಊರಾದ ದಾರ್ಚೆನ್‌ನಲ್ಲಿ ಬಸ್ ಇಳಿಯುವವರೆಗೂ ತಲೆಗೆ ಹೋಗಿರಲಿಲ್ಲ.

ಆ ಬೆಟ್ಟಕ್ಕೆ ಟಿಬೆಟಿಯನ್ನರು ಇಟ್ಟಿರುವ ಹೆಸರು ಗಾಂಗ್ ರಿಂಪೋಚೆ. ಅಮೂಲ್ಯವಾದ ಹಿಮದ ಬೆಟ್ಟ ಅಂತ ಅರ್ಥ. ಎತ್ತರ 6,638 ಮೀಟರ್. ನಮ್ಮ ಮಾನಸ ಸರೋವರ ಅವರಿಗೆ ಮಾಪಮ್ ಯುಮ್ತ್ಸೊ. ಜೈನರಿಗೆ ಈ ಬೆಟ್ಟವೇ ಅಷ್ಟಾಪದ, ಬಾಹುಬಲಿಯ ತಂದೆ ಆದಿನಾಥನಿಗೆ ನಿರ್ವಾಣವಾದ ಜಾಗ. ಟಿಬೆಟಿನ ಹಳೆಯ ಧರ್ಮವಾದ ಬೋನ್ ಪಾಲಿಸುವವರಿಗೂ ಇದು ಪವಿತ್ರ. ಹಿಂದೂ, ಬೌದ್ಧ, ಜೈನ, ಬೋನ್ ನಾಲ್ಕು ಧರ್ಮದವರೂ ನಮ್ಮದು ಅನ್ನುತ್ತಾರೆ. ಆದರೆ ಜನವರಿ ಚಳಿಯಲ್ಲಿ ಅಲ್ಲೇ ಇದ್ದು ದನ ಕಾಯುವವರು ಟಿಬೆಟಿಯನ್ನರು.

ಅರ್ಜಿ ತುಂಬುವುದು, ಲಗೇಜ್ ಕಟ್ಟುವುದು ಹೇಗೆ ಎಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಹೇಳಹೊರಟಿರುವುದು ಬೇರೆ. ಪ್ರತಿ ಹೆಜ್ಜೆಯಲ್ಲೂ ನಿಮ್ಮನ್ನು ನೀವು ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ಕೊಟ್ಟ ದುಡ್ಡು ಯಾರ ಕೈಗೆ ಹೋಯಿತು? ನಾನು ಬಿಟ್ಟ ಕಸ ಯಾರ ನೀರಿಗೆ ಹೋಯಿತು?

1. ಮೊದಲು ಬೈಲಕುಪ್ಪೆಗೆ ಹೋಗಿ ಬನ್ನಿ

ಟಿಬೆಟಿಗೆ ಹೋಗುವ ಮುಂಚೆ ಟಿಬೆಟಿಯನ್ನರನ್ನು ನೋಡಲು ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದೆ, ಮುಂಡಗೋಡ ಇದೆ, ಹುಣಸೂರು ಮತ್ತು ಕೊಳ್ಳೇಗಾಲದ ಹತ್ತಿರವೂ ವಸತಿಗಳಿವೆ. ಬೈಲಕುಪ್ಪೆಯದು ಎಲ್ಲಕ್ಕಿಂತ ಹಳೆಯದು. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದು ನಿಂತ ಊರು ಅದು.

ನಮ್ಮಲ್ಲಿ ಹೆಚ್ಚಿನವರು ಅದನ್ನು ‘ಗೋಲ್ಡನ್ ಟೆಂಪಲ್’ ಅಂತಷ್ಟೇ ನೋಡಿದ್ದೇವೆ. ಕೊಡಗಿಗೆ ಹೋಗುವಾಗ ಕಾರು ನಿಲ್ಲಿಸಿ, ಫೋಟೊ ಹೊಡೆದು, ಹೊರಗೆ ಮೊಮೊ ತಿಂದು ಹೊರಡುವುದು. ಈ ಸಲ ವಾರದ ನಡುವೆ ಹೋಗಿ. ಪ್ರಾರ್ಥನೆ ನಡೆಯುವಾಗ ಹಿಂದೆ ಕೂತು ಸುಮ್ನೆ ಕೇಳಿ. ಸ್ತೂಪವನ್ನು ಪ್ರದಕ್ಷಿಣೆ ಬರುವುದು, ಮಂತ್ರ ತುಂಬಿದ ಮಣಿ ಚಕ್ರವನ್ನು ಬಲಗೈಯಲ್ಲಿ ತಿರುಗಿಸುವುದು ರೂಢಿಯಾಗಲಿ. ಟಿಬೆಟಿಯನ್ನರೇ ನಡೆಸುವ ಚಿಕ್ಕ ಹೋಟೆಲಿನಲ್ಲಿ ಬೆಣ್ಣೆ ಚಹಾ ಕೇಳಿ ಕುಡಿಯಿರಿ. ಅದಕ್ಕೆ ಉಪ್ಪು ಹಾಕಿರುತ್ತಾರೆ. ಚಹಾ ಅಂದುಕೊಂಡರೆ ಮುಖ ಕಿವುಚುತ್ತೀರಿ, ಸಾರು ಅಂದುಕೊಂಡರೆ ಇಳಿಯುತ್ತದೆ.

ನಾಲ್ಕು ಮಾತೂ ಕಲಿಯಿರಿ. ನಮಸ್ಕಾರಕ್ಕೆ ‘ಟಾಶಿ ದೆಲೆಕ್’. ಧನ್ಯವಾದಕ್ಕೆ ‘ಥುಜೇಚೇ’. ನಿಧಾನ ಅನ್ನಲು ‘ಕಲೇ ಕಲೇ’. ಬೆಟ್ಟದಲ್ಲಿ ಇದನ್ನು ದಿನಕ್ಕೆ ನೂರು ಸಲ ಕೇಳುತ್ತೀರಿ. ಹೆಸರಿನ ಕೊನೆಗೆ ‘ಲಾ’ ಸೇರಿಸಿದರೆ ನಮ್ಮ ‘ಅವರೇ’ ಇದ್ದ ಹಾಗೆ, ಮರ್ಯಾದೆ. ಸಸ್ಯಾಹಾರಿಗಳಿಗೆ ಬಹಳ ಬೇಕಾದ ವಾಕ್ಯ ‘ಙ ಶಾ ಸಗಿಮೇ’, ನಾನು ಮಾಂಸ ತಿನ್ನುವುದಿಲ್ಲ ಅಂತ. ಕ ಖ ಗ ಘ ಆದಮೇಲೆ ಬರುವ ‘ಙ’ ಅಕ್ಷರಕ್ಕೆ ಉಪಯೋಗವೇ ಇಲ್ಲ ಅಂತ ಶಾಲೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು, ಅಲ್ವಾ? ಟಿಬೆಟಿಯನ್ ಭಾಷೆಯಲ್ಲಿ ಅದರ ಅರ್ಥ ‘ನಾನು’. ಅವರ ವರ್ಣಮಾಲೆಯೂ ಕ, ಖ, ಗ, ಙ ಅಂತಲೇ ಶುರುವಾಗುತ್ತದೆ.

2. ದಾರಿ ಮತ್ತು ತಿಂಗಳು ಆರಿಸಿಕೊಳ್ಳುವುದು

ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಗೆ ಎರಡು ದಾರಿ: ಉತ್ತರಾಖಂಡದ ಲಿಪುಲೇಖ್ ಮತ್ತು ಸಿಕ್ಕಿಂನ ನಾಥು ಲಾ. 2020ರಿಂದ ನಿಂತಿದ್ದ ಈ ಯಾತ್ರೆ 2025ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಲಿಪುಲೇಖ್ ಮೂಲಕ 50 ಜನರ 5 ತಂಡ, ನಾಥು ಲಾ ಮೂಲಕ 50 ಜನರ 10 ತಂಡ ಎಂದು ನಿಗದಿಯಾಗಿತ್ತು. ವಯಸ್ಸು 18ರಿಂದ 70ರ ಒಳಗಿರಬೇಕು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿರಬಾರದು. ಅರ್ಜಿ ಹಾಕಿದವರಲ್ಲಿ ಕಂಪ್ಯೂಟರ್ ಲಾಟರಿ ಎತ್ತುತ್ತದೆ.

ಇನ್ನೊಂದು ಬಗೆ, ನೇಪಾಳದ ಮೂಲಕ ಖಾಸಗಿ ಏಜೆನ್ಸಿಗಳ ಜೊತೆ ಹೋಗುವುದು. ಕಠ್ಮಂಡುವಿನಿಂದ ರಸುವಾಗಢಿ, ಕೇರುಂಗ್ ದಾಟಿ ರಸ್ತೆಯಲ್ಲಿ ಹೋಗಬಹುದು. ಅಲ್ಲಿಯ ಗಡಿ ಸೇತುವೆ 2025ರ ಜುಲೈನಲ್ಲಿ ಪ್ರವಾಹಕ್ಕೆ ಕೊಚ್ಚಿಹೋಗಿತ್ತು, ಹಾಗಾಗಿ ಹೊರಡುವ ವರ್ಷ ಈ ದಾರಿ ಹೇಗಿದೆ ಅಂತ ಕೇಳಿಕೊಳ್ಳಿ. ಇಲ್ಲವೇ ನೇಪಾಲ್‌ಗಂಜ್, ಸಿಮಿಕೋಟ್, ಹಿಲ್ಸಾ ದಾಟಿ ಟಿಬೆಟಿನ ಪುರಂಗ್ ಸೇರಬಹುದು. ಈ ಎರಡನೆಯ ದಾರಿಯಲ್ಲಿ ಹೆಲಿಕಾಪ್ಟರ್ ಹತ್ತಿ ‘ಒಂಬತ್ತೇ ದಿನದಲ್ಲಿ ಕೈಲಾಸ’ ಅನ್ನುವ ಜಾಹೀರಾತುಗಳು ಬರುತ್ತವೆ. ದಯವಿಟ್ಟು ಅದಕ್ಕೆ ಬೀಳಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ನಡುನಡುವೆ ಒಂದೊಂದು ದಿನ ನಿಲ್ಲಬೇಕು ಅನ್ನುವುದು ಬೆಟ್ಟದ ವೈದ್ಯರ ಸಾಮಾನ್ಯ ಸಲಹೆ. ಅವಸರದಲ್ಲಿ ಹತ್ತಿದವರು ಅಮ್ಮ ಹೆದರಿದ ಅರ್ಥದಲ್ಲೇ ಕೈಲಾಸವಾಸಿಗಳಾದದ್ದುಂಟು. ನಿಮ್ಮನ್ನು ಹೊತ್ತು ಇಳಿಸುವ ಕೆಲಸ ಕೊನೆಗೆ ಬೀಳುವುದು ಅದೇ ಊರಿನವರ ಹೆಗಲಿಗೆ. ಇನ್ನೊಂದು ವಿಷಯವೂ ಇದೆ. ಸಿಮಿಕೋಟ್‌ನಿಂದ ಹಿಲ್ಸಾಕ್ಕೆ ಹುಮ್ಲಾ ಜಿಲ್ಲೆಯ ಕಣಿವೆಯಲ್ಲಿ ನಡೆದು ಹೋದರೆ ದಾರಿಯ ಹಳ್ಳಿಗಳಲ್ಲಿ ಉಳಿಯುತ್ತೀರಿ, ಉಣ್ಣುತ್ತೀರಿ. ಆ ಕಣಿವೆಯ ಮೇಲ್ಭಾಗದ ಹಳ್ಳಿಗಳವರದೂ ಟಿಬೆಟಿಯನ್ ಸಂಸ್ಕೃತಿಯೇ. ಮೇಲೆ ಹಾರಿಹೋದರೆ ಅವರಿಗೆ ಸಿಗುವುದು ಸದ್ದು ಮಾತ್ರ.

ತಿಂಗಳ ವಿಷಯ. ನಮ್ಮವರಿಗೆ ಹುಣ್ಣಿಮೆಯ ಹೊತ್ತಿಗೇ ಮಾನಸ ಸರೋವರದಲ್ಲಿರುವ ಆಸೆ. ಎಲ್ಲ ತಂಡಗಳೂ ಅದೇ ಎರಡು ದಿನ ಬಂದು ಬಿದ್ದರೆ ಹಾಸಿಗೆ, ನೀರು, ಪಾಯಿಖಾನೆ ಯಾವುದೂ ಸಾಲುವುದಿಲ್ಲ. ಹುಣ್ಣಿಮೆ ಬಿಟ್ಟು ಬೇರೆ ದಿನ ಆರಿಸಿ. ಬೆಟ್ಟ ಅಲ್ಲೇ ಇರುತ್ತದೆ, ನಕ್ಷತ್ರಗಳೂ ಹೆಚ್ಚು ಕಾಣುತ್ತವೆ.

ಟಿಬೆಟಿಯನ್ನರ ನಂಬಿಕೆಯಲ್ಲಿ 12 ವರ್ಷಕ್ಕೊಮ್ಮೆ ಬರುವ ಕುದುರೆ ವರ್ಷದಲ್ಲಿ ಒಂದು ಪ್ರದಕ್ಷಿಣೆ ಮಾಡಿದರೆ 13 ಮಾಡಿದಷ್ಟು ಪುಣ್ಯ. 2014 ಅಂಥ ವರ್ಷ, 2026 ಕೂಡ. ದೂರದೂರದಿಂದ ಮುದುಕರು, ಮಕ್ಕಳು ಎಲ್ಲ ಬರುತ್ತಾರೆ. ವರ್ಷದಲ್ಲಿ ದೊಡ್ಡ ಹಬ್ಬ ಅಂದರೆ ಸಾಗಾ ದಾವಾ, ಮೇ ಅಥವಾ ಜೂನ್‌ನಲ್ಲಿ ಬೀಳುತ್ತದೆ. ಅಂದು ತಾರ್ಬೋಚೆ ಎಂಬಲ್ಲಿ ದೊಡ್ಡ ಧ್ವಜಸ್ತಂಭವನ್ನು ಇಳಿಸಿ ಹೊಸ ಪ್ರಾರ್ಥನಾ ಪತಾಕೆ ಕಟ್ಟಿ ನಿಲ್ಲಿಸುತ್ತಾರೆ. ನೀವು ಹೋಗುವುದು ಬರೀ ನೋಡಲಿಕ್ಕೆ ಅಂತಾದರೆ ಆ ಜನಸಂದಣಿಯ ದಿನಗಳನ್ನು ಅವರಿಗೇ ಬಿಟ್ಟುಕೊಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

3. ಏಜೆನ್ಸಿಗೆ ದುಡ್ಡು ಕಟ್ಟುವ ಮುಂಚೆ

ಟಿಬೆಟಿನಲ್ಲಿ ವಿದೇಶಿಯರು ತಮ್ಮಷ್ಟಕ್ಕೆ ತಿರುಗುವಂತಿಲ್ಲ. ಪರವಾನಗಿ ಬೇಕು, ಗೈಡ್ ಬೇಕು, ನೋಂದಾಯಿತ ಏಜೆನ್ಸಿ ಬೇಕು. ಅಂದರೆ ದುಡ್ಡು ಯಾರಿಗೆ ಹೋಗಬೇಕು ಅನ್ನುವುದು ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗಿಬಿಡುತ್ತದೆ. ಬೆಂಗಳೂರಿನ ಏಜೆಂಟ್ ಕಠ್ಮಂಡುವಿನವರಿಗೆ ಕೊಡುತ್ತಾನೆ, ಅವರು ಲಾಸಾದವರಿಗೆ ಕೊಡುತ್ತಾರೆ. ಸರಪಳಿಯ ಕೊನೆಯಲ್ಲಿ ಕುದುರೆ ಹಿಡಿದವನು ನಿಂತಿರುತ್ತಾನೆ.

ಫೋನ್ ಮಾಡಿ ಕೇಳಿ. ಗೈಡ್ ಟಿಬೆಟಿಯನ್ನರೇ? ಕುದುರೆ, ಹಮಾಲಿಯ ಹಣ ನಿಮ್ಮ ಪ್ಯಾಕೇಜಿನಲ್ಲಿದೆಯೋ, ನಾವೇ ಅಲ್ಲಿ ಕೊಡಬೇಕೋ? ತಂಡದಲ್ಲಿ ಎಷ್ಟು ಜನ? ಎತ್ತರಕ್ಕೆ ಒಗ್ಗಿಕೊಳ್ಳಲು ಎಷ್ಟು ದಿನ ಬಿಟ್ಟಿದ್ದೀರಿ? ನಿಮ್ಮ ಅಡುಗೆಯ ಕಸ ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ‘ಅದೆಲ್ಲ ನೀವು ಯೋಚನೆ ಮಾಡಬೇಡಿ ಸರ್’. ನಾನೂ ಯೋಚನೆ ಮಾಡಲಿಲ್ಲ. ಆಮೇಲೆ ನೋಡಿದರೆ ನಮ್ಮ ತಂಡದ ಲಾರಿಯಲ್ಲಿ ಅಕ್ಕಿ, ಬೇಳೆಯಿಂದ ಹಿಡಿದು ಕಾಗದದ ತಟ್ಟೆವರೆಗೆ ಎಲ್ಲವೂ ಗಡಿಯಾಚೆಯಿಂದಲೇ ಬಂದಿತ್ತು. ನಾವು ಹತ್ತು ದಿನ ಇಡ್ಲಿ, ಉಪ್ಪಿಟ್ಟು ತಿಂದೆವು. ಪಕ್ಕದ ಟೀ ಅಂಗಡಿಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಮ್ಮಿಂದ ಆಕೆಗೆ ಸಿಕ್ಕಿದ್ದು ಅಂಗಡಿಯ ಹಿಂದೆ ರಾಶಿ ಬಿದ್ದ ಆ ತಟ್ಟೆಗಳು.

4. ಚೀಲ ಕಟ್ಟುವಾಗ

ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಅಲ್ಲಿಯ ಚಳಿಗೆ, ಒಣ ಗಾಳಿಗೆ ಏನೂ ಬೇಗ ಕೊಳೆಯುವುದಿಲ್ಲ. ನಮ್ಮ ತಿಪ್ಪೆಯಲ್ಲಿ ಬಾಳೆಸಿಪ್ಪೆ ವಾರದಲ್ಲಿ ಮಣ್ಣಾದರೆ ಅಲ್ಲಿ ಮುಂದಿನ ವರ್ಷದ ಯಾತ್ರಿಗೂ ಅದರ ದರ್ಶನವಾಗುತ್ತದೆ. ಪ್ಲಾಸ್ಟಿಕ್ ಕಥೆ ಕೇಳಲೇಬೇಡಿ. ಹಳ್ಳಿಗಳಲ್ಲಿ ಅದನ್ನು ಸುಡುತ್ತಾರೆ, ಇಲ್ಲವೇ ಗುಂಡಿಗೆ ಹಾಕುತ್ತಾರೆ, ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ.

ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ಒಯ್ಯಿರಿ. ಟಿಬೆಟಿನ ಯಾವ ಗೆಸ್ಟ್‌ಹೌಸಿಗೆ ಹೋದರೂ ದೊಡ್ಡ ಥರ್ಮಾಸಿನಲ್ಲಿ ಬಿಸಿನೀರು ಇಟ್ಟಿರುತ್ತಾರೆ. ಅದನ್ನೇ ತುಂಬಿಸಿಕೊಂಡರೆ ದಿನಕ್ಕೆ ಮೂರು ನಾಲ್ಕು ಬಾಟಲಿ ಕೊಳ್ಳುವುದು ತಪ್ಪುತ್ತದೆ. ಬಿಸ್ಕತ್ತು, ಚಾಕೊಲೇಟ್ ಪೊಟ್ಟಣಗಳ ಬದಲು ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಚಟ್ನಿಪುಡಿ, ಒಣಹಣ್ಣುಗಳನ್ನು ಡಬ್ಬಿಯಲ್ಲಿ ಹಾಕಿಕೊಳ್ಳಿ. ಪೊಟ್ಟಣ ಇದ್ದರೆ ಮನೆಯಲ್ಲೇ ಬಿಚ್ಚಿ ಬಿಸಾಡಿ.

ಎರಡು ಗಟ್ಟಿ ಜಿಪ್ ಚೀಲಗಳು ಬೇಕು. ಒಂದು ಒಣ ಕಸಕ್ಕೆ. ಇನ್ನೊಂದು ಯಾರೂ ಹೇಳದ ಕಸಕ್ಕೆ: ಬಳಸಿದ ಟಿಶ್ಯೂ, ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್. ಅಲ್ಲಿಯ ಪಾಯಿಖಾನೆಗಳು ಬರೀ ಗುಂಡಿಗಳು, ಅವುಗಳಿಗೆ ಇದನ್ನೆಲ್ಲ ಹಾಕಬಾರದು. ಕಪ್ಪು ಚೀಲದಲ್ಲಿ ಕಟ್ಟಿಕೊಂಡು ದೊಡ್ಡ ಊರಿಗೆ ತನ್ನಿ. ಬಯಲಿಗೆ ಹೋಗಬೇಕಾಗಿ ಬಂದರೆ ಹೊಳೆ, ಕೆರೆಯಿಂದ 60 ಮೀಟರ್ ಆದರೂ ದೂರ ಹೋಗಿ.

ಚೀಲದಲ್ಲಿ ಇರಬಾರದ ವಸ್ತು ಒಂದಿದೆ: ದಲೈ ಲಾಮಾ ಅವರ ಚಿತ್ರ, ಪುಸ್ತಕ, ಫೋನಿನಲ್ಲಿ ಅವರ ವಾಲ್‌ಪೇಪರ್. ಬೈಲಕುಪ್ಪೆಯಲ್ಲಿ ಪ್ರತಿ ಅಂಗಡಿಯಲ್ಲೂ ಕಾಣುವ ಆ ಚಿತ್ರವನ್ನು ಟಿಬೆಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಗಡಿಯಲ್ಲಿ ತಪಾಸಣೆ ಇರುತ್ತದೆ. ಪ್ರೀತಿಯಿಂದಲೇ ಆದರೂ ಅಲ್ಲಿಯ ಯಾರಿಗಾದರೂ ಅದನ್ನು ಕೊಟ್ಟರೆ ಅವರಿಗೆ ಆಪತ್ತು ಕೊಟ್ಟ ಹಾಗೆ.

5. ಅಲ್ಲಿಯ ಊಟ, ಅಲ್ಲಿಯ ಒಲೆ

ನಿಮ್ಮ ತಂಡದ ಅಡುಗೆಯವರು ಜೊತೆಗಿದ್ದರೂ ದಿನಕ್ಕೆ ಒಂದು ಹೊತ್ತಾದರೂ ಊರಿನವರ ಅಂಗಡಿಯಲ್ಲಿ ಕೂತು ತಿನ್ನಿ. ತರಕಾರಿ ಥುಕ್ಪಾ, ಅಂದರೆ ನೂಡಲ್ಸ್ ಹಾಕಿದ ಸಾರು, ಸಿಗುತ್ತದೆ. ಬೆಣ್ಣೆ ಚಹಾ ಒಗ್ಗದವರಿಗೆ ‘ಚಾ ಙರ್ಮೊ’ ಅಂದರೆ ಹಾಲು, ಸಕ್ಕರೆ ಹಾಕಿದ ಚಹಾ ಕೊಡುತ್ತಾರೆ.

ತ್ಸಂಪಾ ಕೇಳುವುದನ್ನು ಮರೆಯಬೇಡಿ. ಹುರಿದ ಬಾರ್ಲಿಯ ಹಿಟ್ಟು ಅದು, ನಮ್ಮ ಹುರಿಹಿಟ್ಟಿನ ದಾಯಾದಿ. ಬಟ್ಟಲಲ್ಲಿ ಚಹಾ, ಬೆಣ್ಣೆ ಹಾಕಿ ಬೆರಳಲ್ಲೇ ಕಲಸಿ ಉಂಡೆ ಕಟ್ಟುತ್ತಾರೆ. ನನ್ನ ಕುದುರೆ ಹಿಡಿದಿದ್ದ ಹೆಂಗಸು ಪರಿಕ್ರಮದ ಮೊದಲ ರಾತ್ರಿ ತಂಗುವ ದಿರಾಪುಕ್‌ನಲ್ಲಿ ತನ್ನ ಚೀಲದಿಂದ ಹಿಟ್ಟು ತೆಗೆದು ಹೀಗೇ ಕಲಸಿ ಕೊಟ್ಟಳು. ನಾನು ಮುದ್ದೆ ಊರಿನವನು, ಅಭ್ಯಾಸಬಲದಿಂದ ನುಂಗಲು ಹೋದೆ. ಗಂಟಲಲ್ಲಿ ಸಿಕ್ಕಿಕೊಂಡಿತು. ಅದನ್ನು ಅಗಿಯಬೇಕಂತೆ. ಆಕೆ ನಗುತ್ತಾ ಬೆನ್ನು ತಟ್ಟಿದ್ದು ಇನ್ನೂ ನೆನಪಿದೆ.

‘ಯಾಕ್ ಹಾಲು ಕೊಡಿ’ ಅಂತ ಕೇಳಿದರೂ ಹೀಗೇ ನಗುತ್ತಾರೆ. ಯಾಕ್ ಅಂದರೆ ಗಂಡು, ಹೆಣ್ಣಿಗೆ ಡ್ರಿ ಅನ್ನಬೇಕು. ಎತ್ತಿನ ಹಾಲು ಕೇಳಿದಂತಾಯಿತಲ್ಲ! ನಮ್ಮ ಹಳೆಯ ಪುಸ್ತಕಗಳ ಚಮರೀಮೃಗ ಇದೇ. ದೇವಸ್ಥಾನದಲ್ಲಿ ಬೀಸುವ ಚಾಮರ ಇದರ ಬಾಲದ ಕೂದಲಿನದು. ಅಲ್ಲಿ ಮರವಿಲ್ಲ, ಆದ್ದರಿಂದ ಒಲೆಗೂ ಇದರ ಸಗಣಿಯ ಬೆರಣಿಯೇ. ಮನೆಯ ಗೋಡೆಗೆ ಒತ್ತಿ ಬೆರಣಿ ಒಟ್ಟಿರುವುದನ್ನು ನೋಡಿದರೆ ನಮ್ಮೂರೇ ನೆನಪಾಗುತ್ತದೆ. ಅದಕ್ಕೇ ಸ್ನಾನಕ್ಕೆ ಬಕೆಟ್ ಬಕೆಟ್ ಬಿಸಿನೀರು ಕೇಳುವ ಮುಂಚೆ ಆ ಬೆರಣಿ ತಟ್ಟಿದ ಕೈ ನೆನಪಿಸಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಐದು ದಿನ ಏನೂ ಆಗುವುದಿಲ್ಲ. ಆ ಚಳಿಗೆ ಬೆವರೂ ಇಲ್ಲ.

6. ಮಾನಸ ಸರೋವರದ ದಡದಲ್ಲಿ

ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್ ಎತ್ತರದ ನೀಲಿ ನೀರು. ಈ ಸರೋವರ, ಕೈಲಾಸದ ಸುತ್ತಲ ಸೀಮೆಯಲ್ಲೇ ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರಾ, ಕರ್ನಾಲಿ ನಾಲ್ಕೂ ಹುಟ್ಟುತ್ತವೆ.

ಟಿಬೆಟಿಯನ್ನರು ಇಲ್ಲಿ ಮುಳುಗುವುದಿಲ್ಲ. ಸರೋವರಕ್ಕೆ ಪ್ರದಕ್ಷಿಣೆ ಬರುತ್ತಾರೆ, ಬೊಗಸೆಯಲ್ಲಿ ನೀರು ಕುಡಿಯುತ್ತಾರೆ, ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಮುಳುಗು ಹಾಕುವವರು ನಾವು. ಇತ್ತೀಚಿನ ವರ್ಷಗಳಲ್ಲಿ ಅಧಿಕಾರಿಗಳು ನೇರವಾಗಿ ನೀರಿಗಿಳಿಯಲು ಬಿಡುತ್ತಿಲ್ಲ. ಬಕೆಟ್‌ನಲ್ಲಿ ನೀರು ತಂದು ದಡದಿಂದ ದೂರ ಸ್ನಾನ ಮಾಡಬೇಕು. ಇದಕ್ಕೆ ಬೇಜಾರು ಮಾಡಿಕೊಂಡು ಗೈಡ್ ಜೊತೆ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಕದ್ದು ಇಳಿದವರನ್ನೂ ನೋಡಿದ್ದೇನೆ. ದಂಡ, ಬೈಗುಳ ಬೀಳುವುದು ಗೈಡ್ ಮೇಲೆ. ಬಕೆಟ್ ಸ್ನಾನಕ್ಕೂ ಸೋಪು, ಶಾಂಪೂ ಬೇಡ.

ಪೂಜೆಯ ಮಾತು ಸ್ವಲ್ಪ ಸೂಕ್ಷ್ಮ, ಆದರೂ ಹೇಳುತ್ತೇನೆ. ಒದ್ದೆ ಬಟ್ಟೆಯನ್ನು ದಡದಲ್ಲೇ ಬಿಟ್ಟು ಬರುವುದು, ದೇವರ ಹಳೆಯ ಫೋಟೊ ನೀರಿಗೆ ಹಾಕುವುದು, ಕರ್ಪೂರದ ಡಬ್ಬಿ, ಊದುಬತ್ತಿಯ ಪೊಟ್ಟಣ, ಎಣ್ಣೆಯ ಸ್ಯಾಚೆಟ್ ಅಲ್ಲೇ ಎಸೆಯುವುದು ಬೇಡ. ಮನೆಯ ದೇವರ ಅಭಿಷೇಕದ ನೀರನ್ನು ಹೇಗೆ ಮುಚ್ಚಿಡುತ್ತೀರೋ ಹಾಗೆ ನೋಡಿ ಆ ಸರೋವರವನ್ನು. ಗಂಧ, ಹೂವು ಮಾನಸ ಪೂಜೆಯಲ್ಲೇ ಆಗಲಿ, ಸರೋವರದ ಹೆಸರೇ ಅದಕ್ಕೆ ಒಪ್ಪುತ್ತದೆ. ತೀರ್ಥ ತರಲು ಮನೆಯಿಂದಲೇ ಸಣ್ಣ ಬಾಟಲಿ ಒಯ್ಯಿರಿ. ಬೀದಿಗೆಲ್ಲ ಹಂಚಲು ಐದು ಲೀಟರಿನ ಕ್ಯಾನ್ ತುಂಬುವವರಿದ್ದಾರೆ. ಒಂದು ಉದ್ಧರಣೆ ಸಾಲದೇ?

ದಡದ ಮೆತ್ತನೆಯ ಹುಲ್ಲಿನ ಮೇಲೆ ವಾಹನ ಓಡಿಸಲು ಡ್ರೈವರ್‌ಗೆ ಹೇಳಬೇಡಿ. ‘ಅಣ್ಣಾ, ಇನ್ನೂ ಸ್ವಲ್ಪ ಹತ್ತಿರ ಬಿಡಿ’ ಅನ್ನುವವರು ನಾವೇ. ಬೆರಳುದ್ದ ಬೆಳೆಯಲು ಆ ಹುಲ್ಲಿಗೆ ಸಿಗುವುದು ಬೇಸಿಗೆಯ ಕೆಲವೇ ವಾರಗಳು. ಚಕ್ರದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ದ್ರೋಕ್ಪಾ ಎಂದು ಕರೆಯುವ ಅಲೆಮಾರಿ ಪಶುಪಾಲಕರ ಕುರಿ, ಯಾಕ್‌ಗಳಿಗೆ ಅದೇ ಊಟ. ಕಿಯಾಂಗ್ ಎಂಬ ಕಾಡುಕತ್ತೆಗಳಿಗೂ ಅದೇ. ಕಿಯಾಂಗ್ ಹಿಂಡು ಕಂಡರೆ ಗಾಡಿ ನಿಲ್ಲಿಸಿ ನೋಡಿ. ಬೆನ್ನಟ್ಟಿ ವಿಡಿಯೊ ಮಾಡಿದರೆ ಆ ಎತ್ತರದಲ್ಲಿ ಅವು ಓಡಿ ಸುಸ್ತಾಗುತ್ತವೆ.

7. ಪರಿಕ್ರಮ: ಕುದುರೆ, ಹಮಾಲಿ, ದಾರಿ

ಪರಿಕ್ರಮಕ್ಕೆ ಅವರು ಕೋರಾ ಅನ್ನುತ್ತಾರೆ. ಒಟ್ಟು ಸುಮಾರು 52 ಕಿಲೋಮೀಟರ್. ಗಟ್ಟಿಗ ಟಿಬೆಟಿಯನ್ನರು ನಸುಕಿಗೆ ಹೊರಟು ಒಂದೇ ದಿನದಲ್ಲಿ ಮುಗಿಸುತ್ತಾರೆ, ನಮಗೆ ಮೂರು ದಿನ. ನಾವು ಯಮದ್ವಾರ ಅನ್ನುವ ಚೋರ್ಟೆನ್ ಕಾಂಗ್ಞಿ ಸ್ತೂಪ ದಾಟಿ ಮೊದಲ ದಿನ ದಿರಾಪುಕ್. ಎರಡನೆಯ ದಿನ ಸುಮಾರು 5,630 ಮೀಟರ್ ಎತ್ತರದ ದೋಲ್ಮಾ ಲಾ ಎಂಬ ಕಣಿವೆದಾರಿ ಹತ್ತಿ ಇಳಿದು ಜುತುಲ್‌ಪುಕ್. ಮೂರನೆಯ ದಿನ ಕಡಿಮೆ ನಡಿಗೆ.

ದುಡ್ಡು ನೇರವಾಗಿ ಊರಿನವರ ಕೈಗೆ ಸೇರುವ ಅತ್ಯುತ್ತಮ ಅವಕಾಶ ಇಲ್ಲಿದೆ. ಕುದುರೆ, ಯಾಕ್, ಹಮಾಲಿಗಳು ಸುತ್ತಲ ಹಳ್ಳಿಗಳವರು. ದರ ಮೊದಲೇ ನಿಗದಿಯಾಗಿರುತ್ತದೆ. ಯಾರ ಸರದಿ ಅನ್ನುವುದನ್ನು ಸಾಮಾನ್ಯವಾಗಿ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆದ್ದರಿಂದ ‘ಆ ಬಿಳಿ ಕುದುರೆ ಬೇಕು’ ಅಂತ ಹಟ ಮಾಡಬೇಡಿ, ಚೌಕಾಸಿಗೂ ಇಳಿಯಬೇಡಿ. ಬೇಸಿಗೆಯ ಈ ಕೆಲವು ತಿಂಗಳ ದುಡಿಮೆಯ ಮೇಲೆ ಇಡೀ ವರ್ಷ ನಿಂತಿರುತ್ತದೆ.

ನಡೆಯಬಲ್ಲವರೂ ಒಬ್ಬ ಹಮಾಲಿಯನ್ನು ಮಾಡಿಕೊಳ್ಳಿ ಅನ್ನುತ್ತೇನೆ ನಾನು. ನಿಮ್ಮ ಸಣ್ಣ ಚೀಲ ಅವರ ಬೆನ್ನಿಗಿರಲಿ. ಜಂಬಕ್ಕೆ ನೀವೇ ಹೊತ್ತರೆ ಒಂದು ಮನೆಯ ಮೂರು ದಿನದ ಸಂಪಾದನೆ ಹೋಯಿತು, ನಿಮ್ಮ ಉಸಿರೂ ಹೋಯಿತು. ಹಾಗಂತ ಹಮಾಲಿ ಇದ್ದಾರೆ ಎಂದು ಚೀಲಕ್ಕೆ ಮನೆ ತುಂಬಬೇಡಿ. ಕುದುರೆ ತೆಗೆದುಕೊಂಡರೆ ಮೂರೂ ದಿನಕ್ಕೆ ಮಾತಾಡಿ, ನಡುವೆ ಬಿಟ್ಟು ಹೋಗಬೇಡಿ. ದೋಲ್ಮಾ ಲಾ ಇಳಿಯುವ ದಾರಿ ಬರೀ ಬಂಡೆ, ಅಲ್ಲಿ ಎಲ್ಲರೂ ಇಳಿದು ನಡೆಯಲೇಬೇಕು. ‘ಪೂರ್ತಿ ದುಡ್ಡು ಕೊಟ್ಟಿದ್ದೀನಿ’ ಎಂದು ಅಲ್ಲಿ ಕೂಗಾಡಿದ ನಮ್ಮ ತಂಡದ ಒಬ್ಬರ ದನಿ ಆ ಕಣಿವೆಯಲ್ಲಿ ಎರಡೆರಡು ಸಲ ಕೇಳಿಸಿತು. ನಾವೆಲ್ಲ ತಲೆ ತಗ್ಗಿಸಿದೆವು.

ಭಕ್ಷೀಸಿಗೆ ಚಿಲ್ಲರೆ ಯುವಾನ್ ನೋಟುಗಳನ್ನು ಮೊದಲೇ ಇಟ್ಟುಕೊಳ್ಳಿ. ಗೈಡ್ ಕೈಗೆ ಒಟ್ಟಾಗಿ ಕೊಡುವ ಬದಲು ಕುದುರೆಯವರಿಗೆ, ಹಮಾಲಿಗೆ ಪ್ರತ್ಯೇಕವಾಗಿ, ಎರಡೂ ಕೈಯಲ್ಲಿ ಹಿಡಿದು ಕೊಡಿ. ಒಳ್ಳೆಯ ಕೈಗವಸು, ಟೋಪಿ ನಿಮಗೆ ಮತ್ತೆ ಬೇಡವಾದರೆ ಕೇಳಿ ಕೊಡಬಹುದು. ಹರಿದದ್ದು ಬೇಡ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್, ಪೆನ್ನು ಹಂಚುವುದನ್ನೂ ಬಿಡಿ. ಕೈ ಚಾಚುವ ಅಭ್ಯಾಸ ಕಲಿಸಿ ಬಂದಂತಾಗುತ್ತದೆ, ಹೊದಿಕೆ ಕಾಗದ ದಾರಿಯಲ್ಲೇ ಉಳಿಯುತ್ತದೆ.

ದಾರಿಯಲ್ಲಿ ಉದ್ದಂಡ ನಮಸ್ಕಾರ ಹಾಕುತ್ತಾ ವಾರಗಟ್ಟಲೆ ಪರಿಕ್ರಮ ಮಾಡುವವರು ಸಿಗುತ್ತಾರೆ. ದಾರಿ ಬಿಟ್ಟು ನಿಲ್ಲಿ. ಎದುರು ದಿಕ್ಕಿನಿಂದ ಬರುವವರೂ ಸಿಗುತ್ತಾರೆ, ಅವರು ಬೋನ್ ಧರ್ಮದವರು. ಅಪ್ರದಕ್ಷಿಣೆಯೇ ಅವರ ಕ್ರಮ. ‘ಉಲ್ಟಾ ಹೋಗ್ತಿದ್ದೀರಿ’ ಎಂದು ತಿದ್ದಲು ಹೋಗಬೇಡಿ. ದೋಲ್ಮಾ ಲಾ ಹತ್ತುವಾಗ ಬಟ್ಟೆಗಳು, ಕೂದಲು ಬಿದ್ದಿರುವ ಒಂದು ಜಾಗ ಬರುತ್ತದೆ. ಅದು ಕಸವಲ್ಲ. ಹಳೆಯ ಬದುಕನ್ನು ಬಿಟ್ಟೆ ಅನ್ನುವುದಕ್ಕೆ ಗುರುತಾಗಿ ಟಿಬೆಟಿಯನ್ನರು ತಮ್ಮದೊಂದು ವಸ್ತು ಬಿಡುವ ತಾಣ. ಹಾಗೆಂದು ನೀವು ನೈಲಾನ್ ರೇನ್‌ಕೋಟ್ ಬಿಟ್ಟು ಬರಬೇಡಿ.

‘ಓಂ ಮಣಿ ಪದ್ಮೇ ಹೂಂ’ ಎಂಬ ಮಣಿ ಮಂತ್ರ ಕೆತ್ತಿದ ಕಲ್ಲುಗಳನ್ನು ನೆನಪಿಗೆ ಅಂತ ಎತ್ತಿಕೊಳ್ಳುವುದು ಕಳ್ಳತನ. ಕೆತ್ತದ ಕಲ್ಲನ್ನೂ ಬಿಡಿ. ಪ್ರಾರ್ಥನಾ ಪತಾಕೆ ಕಟ್ಟುವ ಆಸೆಯಿದ್ದರೆ ಹತ್ತಿಯದು ಕೇಳಿ ಕೊಳ್ಳಿ. ಈಗ ಸಿಗುವ ಬಹುಪಾಲು ಪಾಲಿಯೆಸ್ಟರ್, ಹರಿದು ಎಳೆಎಳೆಯಾಗಿ ಹೊಳೆಗೆ ಸೇರುತ್ತದೆ. ಬೆಟ್ಟಕ್ಕೆ ಇನ್ನೂ ಹತ್ತಿರದ ಒಳಗಿನ ಕೋರಾಕ್ಕೆ ಕರೆದೊಯ್ಯುತ್ತೇವೆ ಎಂದು ಯಾರಾದರೂ ಪುಸಲಾಯಿಸಿದರೆ ಒಂದು ಮಾತು ನೆನಪಿರಲಿ: ಹೊರಗಿನ ಕೋರಾ 13 ಸಲ ಮುಗಿಸಿದವರಿಗೆ ಮಾತ್ರ ಅದು ಎಂಬುದು ಅಲ್ಲಿಯ ಸಂಪ್ರದಾಯ.

8. ಬಾಯಿ ಮತ್ತು ಕ್ಯಾಮೆರಾ

ಗೈಡ್ ಸ್ನೇಹಿತನಾದ ಮೇಲೆ ‘ಇಲ್ಲಿ ಪರಿಸ್ಥಿತಿ ಹೇಗಿದೆ, ನಿಜ ಹೇಳಿ’ ಎಂದು ಕೇಳುವ ಆಸೆ ಆಗುತ್ತದೆ. ಕೇಳಬೇಡಿ. ನೀವು ಮುಂದಿನ ವಾರ ಮನೆಯಲ್ಲಿರುತ್ತೀರಿ, ಅವರು ಅಲ್ಲೇ ಇರಬೇಕು. ಅವರ ಅನ್ನ ನಿಂತಿರುವುದು ಲೈಸೆನ್ಸಿನ ಮೇಲೆ. ವಾಹನದಲ್ಲಿ ಕ್ಯಾಮೆರಾ ಇರಬಹುದು, ಪಕ್ಕದ ಟೇಬಲ್ಲಿನವರು ಕೇಳಿಸಿಕೊಳ್ಳಬಹುದು. ಅವರಾಗಿಯೇ ಏನಾದರೂ ಹೇಳಿಕೊಂಡರೆ ಕೇಳಿ, ನಿಮ್ಮಲ್ಲೇ ಇಟ್ಟುಕೊಳ್ಳಿ. ಅವರ ಮುಖದ ಫೋಟೊ ಜೊತೆ ಆ ಮಾತನ್ನು ಫೇಸ್‌ಬುಕ್ಕಿಗೆ ಹಾಕುವುದಂತೂ ಬೇಡವೇ ಬೇಡ.

ಫೋಟೊಗೆ ಮೊದಲು ಕೇಳಿ, ಸನ್ನೆ ಸಾಕು. ಚೆಕ್‌ಪೋಸ್ಟ್, ಪೊಲೀಸರತ್ತ ಕ್ಯಾಮೆರಾ ತಿರುಗಿಸಬೇಡಿ. ಹೆಣವನ್ನು ಹದ್ದುಗಳಿಗೆ ಅರ್ಪಿಸುವ ಅಂತ್ಯಸಂಸ್ಕಾರದ ಜಾಗಗಳತ್ತ ಹೋಗಲೇಬೇಡಿ. ನಿಮ್ಮ ಮನೆಯ ಸಾವಿಗೆ ಯಾರಾದರೂ ಜೂಮ್ ಲೆನ್ಸ್ ತಂದರೆ ಹೇಗಿರುತ್ತದೆ?

9. ಏನು ಕೊಳ್ಳಬೇಕು

ದಾರ್ಚೆನ್, ಪುರಂಗ್ ಅಂಗಡಿಗಳ ಹವಳ, ಹಸಿರು ಕಲ್ಲುಗಳಲ್ಲಿ ಬಹಳಷ್ಟು ದೂರದ ಕಾರ್ಖಾನೆಯವು. ಯಾಕ್ ಉಣ್ಣೆಯ ವಸ್ತು, ಒಣಗಿಸಿದ ಗಿಣ್ಣು, ತ್ಸಂಪಾ ಹಿಟ್ಟು ಕೊಂಡರೆ ದುಡ್ಡು ಹತ್ತಿರದಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಹಳೆಯ ತಂಗ್ಕಾ (ಬಟ್ಟೆಯ ಮೇಲಿನ ದೇವರ ಚಿತ್ರ), ಹಳೆಯ ವಿಗ್ರಹ ಎಂದು ತೋರಿಸಿದರೆ ಮುಟ್ಟಬೇಡಿ. ನಿಜವಾಗಿ ಹಳೆಯದಾದರೆ ಅದು ಯಾವುದೋ ಮಠದ್ದು, ಗಡಿಯಲ್ಲಿ ಸಿಕ್ಕಿಬೀಳುತ್ತೀರಿ.

ಶಾತೂಶ್ ಶಾಲು, ಕಸ್ತೂರಿ, ಪ್ರಾಣಿಯ ಚರ್ಮ, ಕೊಂಬು ಯಾವುದೂ ಬೇಡ. ಶಾತೂಶ್ ಬರುವುದು ಚಿರು ಎಂಬ ಟಿಬೆಟಿಯನ್ ಜಿಂಕೆಯನ್ನು ಕೊಂದು, ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿ. ಈ ವಿಷಯದಲ್ಲಿ ಟಿಬೆಟಿಯನ್ನರಿಂದ ಕಲಿಯುವುದಿದೆ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಎಂಬ ಬೌದ್ಧ ದೀಕ್ಷಾ ಸಮಾರಂಭದಲ್ಲಿ ದಲೈ ಲಾಮಾ ಕಾಡುಪ್ರಾಣಿಗಳ ಚರ್ಮ ತೊಡಬೇಡಿ ಎಂದು ಕೇಳಿಕೊಂಡರು. ಸುದ್ದಿ ಟಿಬೆಟ್ ಮುಟ್ಟಿತು. ತಲೆಮಾರುಗಳಿಂದ ಇಟ್ಟುಕೊಂಡಿದ್ದ ಹುಲಿ, ಚಿರತೆ, ನೀರುನಾಯಿ ಚರ್ಮದ ಅಂಚಿನ ಬೆಲೆಬಾಳುವ ಅಂಗಿಗಳನ್ನು ಊರೂರಲ್ಲಿ ಜನ ರಾಶಿ ಹಾಕಿ ಸುಟ್ಟರು.

10. ಊರಿಗೆ ಬಂದ ಮೇಲೆ

ಕೈಲಾಸ ಮಾನಸ ಸರೋವರ ಯಾತ್ರೆ ಮುಗಿಸಿ ಬಂದ ರಾಜ್ಯದವರಿಗೆ ಕರ್ನಾಟಕದ ಮುಜರಾಯಿ ಇಲಾಖೆ ಸಹಾಯಧನ ಕೊಡುತ್ತದೆ. ಪಾಸ್‌ಪೋರ್ಟಿನ ಮುದ್ರೆ, ಯಾತ್ರೆಯ ದಾಖಲೆ ಜೋಪಾನವಾಗಿಡಿ. ಆ ದುಡ್ಡು ಬಂದಾಗ ಅದರಲ್ಲೊಂದು ಪಾಲು ಮತ್ತೆ ಟಿಬೆಟಿಯನ್ನರ ಕೈಗೇ ಹೋಗುವಂತೆ ಮಾಡುವುದು ಕಷ್ಟವಲ್ಲ. ಚಳಿಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಸ್ವೆಟರ್ ಅಂಗಡಿ ಹಾಕುವವರು ಅವರೇ ತಾನೆ? ಮುನ್ನೂರರ ಟೋಪಿಗೆ ನೂರು ಹೇಳದೆ ಕೊಳ್ಳಿ, ‘ಟಾಶಿ ದೆಲೆಕ್’ ಅನ್ನಿ. ಮೊದಲ ಸಲ ಹಾಗೆ ಅಂದಾಗ ಅಂಗಡಿಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕನ್ನಡದಲ್ಲಿ ‘ಎಲ್ಲಿ ಕಲಿತ್ರಿ?’ ಅಂತ ಕೇಳಿದರು. ಗಾಂಗ್ ರಿಂಪೋಚೆ ಹೆಸರು ಹೇಳಿದೆ. ಅಜ್ಜಿ ಕೈ ಜೋಡಿಸಿ ಹಣೆಗೆ ಒತ್ತಿಕೊಂಡರು. ಅವರು ಅದನ್ನು ನೋಡಿರಲಿಲ್ಲ.

ಇನ್ನೊಂದು ಕೆಲಸ ಬಾಕಿಯಿದೆ. ಟಿಬೆಟಿನ ಸರೋವರಗಳ ಬಳಿ ಬೇಸಿಗೆಯಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತು ಎಂಬ ಹಕ್ಕಿ ಹಿಮಾಲಯ ದಾಟಿ ಬಂದು ಚಳಿಗಾಲ ಕಳೆಯುವ ಜಾಗಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಒಂದು, ಮೈಸೂರು ಬಳಿಯ ಹದಿನಾರು ಕೆರೆಯೂ ಒಂದು. ಮಾಗಡಿ ಕೆರೆಗೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಬೇಗ ಹೋಗಿ, ಬೈನಾಕ್ಯುಲರ್ ಒಯ್ಯಿರಿ. ರಾತ್ರಿ ಹೊಲಗಳಲ್ಲಿ ಮೇದು ಬೆಳಗಾಗುವಾಗ ಸಾಲುಸಾಲಾಗಿ ನೀರಿಗಿಳಿಯುತ್ತವೆ. ದಡದಲ್ಲಿ ಚಿಪ್ಸ್ ಪೊಟ್ಟಣ ಬಿದ್ದಿದ್ದರೆ ಎತ್ತಿ ಜೇಬಿಗೆ ಹಾಕಿಕೊಳ್ಳಿ.